ದೇವರ ಹೆಸರಿನಲ್ಲಿ ಮಾತು ಕೊಡುವವರಿಗೆ ಒಂದು ಬಹಿರಂಗ ಪತ್ರ

ಕರಾವಳಿಯ ಧ್ಯಾನಕೂಟ, ಪ್ರಾರ್ಥನಾ ಕೂಟಗಳ ವೇದಿಕೆಯಿಂದ ಮಾತನಾಡುವವರಿಗೆ, ಅವರನ್ನು ಕರೆಸುವ ಧರ್ಮಗುರುಗಳಿಗೆ ಮತ್ತು ಚರ್ಚ್ ಪಾಲನಾ ಮಂಡಳಿಗಳ ಸದಸ್ಯರಿಗೆ,

ಮಾನ್ಯರೇ,

ಕ್ರಿಸ್ಮಸ್‌ಗೆ ಸಿದ್ಧವಾಗುವ ವಾರಗಳಾದ ಆಗಮನ ಕಾಲ ಶುರುವಾಗಿದೆ. ಉಡುಪಿಯಿಂದ ಮಂಗಳೂರಿನವರೆಗೆ ಹೆದ್ದಾರಿಯ ಬದಿಯಲ್ಲಿ ಎರಡು ಬಗೆಯ ಫ್ಲೆಕ್ಸ್‌ಗಳು ಎದ್ದಿವೆ. ಒಂದು ಬೇಕರಿಗಳದ್ದು, ಪ್ಲಮ್ ಕೇಕ್ ಮತ್ತು ಕ್ರಿಸ್ಮಸ್ ತಿಂಡಿಗಳಾದ ಕುಸ್ವಾರಿಗೆ ಮುಂಗಡ ಬುಕಿಂಗ್ ಮಾಡಿ ಎನ್ನುವಂಥವು. ಇನ್ನೊಂದು ನಿಮ್ಮದು. ಸ್ವಸ್ಥತೆಯ ಪ್ರಾರ್ಥನೆ, ಬಿಡುಗಡೆಯ ಪ್ರಾರ್ಥನೆ, ದೇವರು ನಿಮ್ಮೊಂದಿಗೆ ನೇರವಾಗಿ ಮಾತನಾಡಲಿದ್ದಾರೆ ಎಂಬ ಆಹ್ವಾನ. ಬೇಕರಿಯವರ ಮೇಲೆ ನನಗೆ ತಕರಾರಿಲ್ಲ. ಹೇಳಿದ ದಿನ ಹೇಳಿದ್ದನ್ನು ಕೊಡುತ್ತಾರೆ. ಕೊಡದಿದ್ದರೆ ಮುಂಗಡ ವಾಪಸು ಕೇಳಬಹುದು.

ನಾನು ನಿವೃತ್ತ ಕನ್ನಡ ಶಿಕ್ಷಕಿ. ಸ್ವರ್ಣಾ ನದಿಯ ದಡದ ಒಂದು ಊರಿನಲ್ಲಿ ಮನೆ. ನಮ್ಮ ಕಥೋಲಿಕ ಚರ್ಚಿನಲ್ಲಿ ವಾಚನ, ಎಂದರೆ ಪೂಜೆಯ ಬೈಬಲ್ ಪಾಠ, ಓದುತ್ತೇನೆ. ನನ್ನ ಮನೆಮಾತು ಕೊಂಕಣಿ, ಆದರೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ನಿಮ್ಮ ಕೂಟಗಳಿಗೆ ಕೊಂಕಣಿಯವರಷ್ಟೇ ಬರುವುದಿಲ್ಲ. ತುಳು ಮಾತನಾಡುವವರು, ಬೇರೆ ಸಭೆಯವರು, ಕ್ರೈಸ್ತರೇ ಅಲ್ಲದವರು, ಎಲ್ಲ ಕಡೆ ಸುತ್ತಿ ಸೋತವರು ಬರುತ್ತಾರೆ. ಅವರೂ ಇದನ್ನು ಓದಬೇಕು.

ನನ್ನ ದೂರು ನಿಮ್ಮ ಒಂದೇ ಒಂದು ವಾಕ್ಯದ ಬಗ್ಗೆ: ‘ದೇವರು ನನಗೆ ಹೇಳುತ್ತಿದ್ದಾರೆ.’

ದೇವರು ಮನುಷ್ಯರೊಡನೆ ಮಾತನಾಡುವುದೇ ಇಲ್ಲ ಎಂದು ವಾದಿಸಲು ನಾನು ಹೊರಟಿಲ್ಲ. ಹಾಗೆ ನಂಬಿದ್ದರೆ ವಾಚನ ಪೀಠದ ಬಳಿ ನನಗೇನು ಕೆಲಸ? ಮಾತನಾಡುತ್ತಾರೆ ಎಂದು ನಂಬಿರುವುದರಿಂದಲೇ ಆ ವಾಕ್ಯವನ್ನು ಇಷ್ಟು ಸಲೀಸಾಗಿ ಮೈಕಿನಲ್ಲಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ವಾಳೆಯಲ್ಲಿ, ಎಂದರೆ ಚರ್ಚಿನ ನಮ್ಮ ವಾರ್ಡಿನಲ್ಲಿ, ಒಬ್ಬಳಿದ್ದಾಳೆ, ನನ್ನ ಹಳೆಯ ವಿದ್ಯಾರ್ಥಿನಿ. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಾಗಿಲ್ಲ. ಒಂದು ಆಗಮನ ಕಾಲದಲ್ಲಿ ಗಂಡನ ಜೊತೆ ಒಂದು ಕೂಟಕ್ಕೆ ಹೋದಳು. ವೇದಿಕೆಯ ಮೇಲಿದ್ದವರು ಕಣ್ಣು ಮುಚ್ಚಿ, ಮಗುವಿಗಾಗಿ ಅಳುತ್ತಿರುವ ಒಂದು ಜೋಡಿ ಈ ಸಭೆಯಲ್ಲಿದೆ, ಮುಂದಿನ ಕ್ರಿಸ್ಮಸ್ ಹೊತ್ತಿಗೆ ಅವರ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂದು ದೇವರು ನನಗೆ ಹೇಳುತ್ತಿದ್ದಾರೆ ಎಂದರು. ಮೈದಾನ ತುಂಬ ಜನ ಸೇರಿದ ಕಡೆ ಅಂಥ ಒಂದು ಜೋಡಿ ಇಲ್ಲದಿರುತ್ತದೆಯೇ? ಇವರು ಎದ್ದು ನಿಂತರು. ಜನ ಚಪ್ಪಾಳೆ ತಟ್ಟಿದರು. ಮನೆಗೆ ಬಂದವರು ನಡೆಯುತ್ತಿದ್ದ ಚಿಕಿತ್ಸೆಯನ್ನು ನಿಲ್ಲಿಸಿದರು. ದೇವರೇ ಹೇಳಿದ ಮೇಲೂ ಔಷಧಿ ತೆಗೆದುಕೊಂಡರೆ ಅದು ಅಪನಂಬಿಕೆಯಾಗುವುದಿಲ್ಲವೇ ಎಂಬ ಅಂಜಿಕೆ. ಅತ್ತೆ ಅಟ್ಟದ ಮೇಲಿನ ತೊಟ್ಟಿಲನ್ನು ಇಳಿಸಿ ತೊಳೆದಿಟ್ಟರು. ಕ್ರಿಸ್ಮಸ್ ಬಂತು, ಹೋಯಿತು. ಮತ್ತೆ ಹೋಗಿ ಕೇಳಿದಾಗ ಅಲ್ಲಿನ ಸ್ವಯಂಸೇವಕರೊಬ್ಬರು ಕೊಟ್ಟ ಉತ್ತರ: ‘ನಿಮ್ಮ ಮನಸ್ಸಿನೊಳಗೆ ಎಲ್ಲೋ ಸಂಶಯ ಇದ್ದಿರಬೇಕು, ಜಕರೀಯನಿಗೆ ಇದ್ದ ಹಾಗೆ.’

ಅವಳೂ ನನ್ನ ಜೊತೆ ವಾಚನ ಓದುತ್ತಿದ್ದವಳು. ಒಳ್ಳೆಯ ಕಂಠ, ಅಲ್ಪಪ್ರಾಣ ಮಹಾಪ್ರಾಣ ಎಲ್ಲಿಯೂ ತಪ್ಪುತ್ತಿರಲಿಲ್ಲ. ಈಗ ಓದುವುದಿಲ್ಲ. ಡಿಸೆಂಬರ್‌ನಲ್ಲಿ ಚರ್ಚಿಗೂ ಬರುವುದಿಲ್ಲ.

ಜಕರೀಯನ ಹೆಸರನ್ನು ಎತ್ತಿದವರು ನೀವು. ಆದ್ದರಿಂದ ಅವನಿಂದಲೇ ಮಾತು ಮುಂದುವರಿಸೋಣ.

ಆಗಮನ ಕಾಲದ ಭಾನುವಾರಗಳಲ್ಲಿ ಚರ್ಚು ತುಂಬಿರುತ್ತದೆ. ನನಗೆ ಅದಕ್ಕಿಂತ ಇಷ್ಟವಾದದ್ದು ಡಿಸೆಂಬರ್ 17ರಿಂದ 24ರವರೆಗಿನ ಬೆಳಗಿನ ಪೂಜೆಗಳು. ಊರೆಲ್ಲ ನೆವ್ರಿ ಕರಿಯುವುದರಲ್ಲಿ, ಗೋದಲಿ ಕಟ್ಟುವುದರಲ್ಲಿ ಮುಳುಗಿರುತ್ತದೆ. ಪೂಜೆಗೆ ಬೆರಳೆಣಿಕೆಯ ಮುದುಕಿಯರು. ಭಾನುವಾರ ಬಿದ್ದ ದಿನ ಬಿಟ್ಟರೆ ಈ ದಿನಗಳ ಶುಭಸಂದೇಶ, ಎಂದರೆ ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳ ವಾಚನ, ತಾರೀಕಿನ ಪ್ರಕಾರವೇ ನಿಗದಿಯಾಗಿದೆ. 18ಕ್ಕೆ ಜೋಸೆಫರ ಕನಸು, 19ಕ್ಕೆ ಜಕರೀಯ, 20ಕ್ಕೆ ಮರಿಯಮ್ಮನವರ ಬಳಿಗೆ ಗಬ್ರಿಯೇಲ್ ದೂತ, 21ಕ್ಕೆ ಮರಿಯಮ್ಮನವರು ಜಕರೀಯನ ಹೆಂಡತಿ ಎಲಿಜಬೇತಳ ಮನೆಗೆ ಹೋಗುವುದು, 23ಕ್ಕೆ ಆ ದಂಪತಿಯ ಮಗ ಸ್ನಾನಿಕ ಯೊವಾನ್ನನ ಜನನ. ದೇವರು ಮನುಷ್ಯರಿಗೆ ಮಾತು ತಲುಪಿಸುವ ಬಗೆ ಯಾವುದು ಎಂದು ತಿಳಿಯಬೇಕಾದವರು ಈ ಒಂದು ವಾರ ಬೆಳಿಗ್ಗೆ ಬೇಗ ಎದ್ದು ಬಂದರೆ ಸಾಕು.

19ರ ದಿನ ಏನು ಓದುತ್ತೇವೆ? ಜಕರೀಯ ದೇವಾಲಯದೊಳಗೆ ಧೂಪ ಹಾಕುತ್ತಿದ್ದಾನೆ. ದೂತ ಬಂದು, ನಿನ್ನ ಹೆಂಡತಿ ಗಂಡುಮಗುವನ್ನು ಹೆರುತ್ತಾಳೆ ಎನ್ನುತ್ತಾನೆ. ಜಕರೀಯ, ನನಗೂ ವಯಸ್ಸಾಯಿತು, ನನ್ನ ಹೆಂಡತಿಗೂ ವಯಸ್ಸಾಯಿತು, ಇದು ನಿಜವೆಂದು ನಂಬುವುದು ಹೇಗೆ ಎಂದು ಕೇಳುತ್ತಾನೆ. ಅವನ ಬಾಯಿ ಕಟ್ಟಿಹೋಗುತ್ತದೆ. ಇಷ್ಟನ್ನು ಹೇಳಿ ನೀವು ನಿಲ್ಲಿಸುತ್ತೀರಿ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮಗು ಹುಟ್ಟಿತು! ಸಂಶಯಪಟ್ಟವನ ಮನೆಯಲ್ಲಿಯೇ ಹುಟ್ಟಿತು. ಅವನ ಸಂಶಯ ದೇವರ ಮಾತನ್ನು ಒಂದು ದಿನವೂ ತಡೆದು ನಿಲ್ಲಿಸಲಿಲ್ಲ. ನಿಮ್ಮ ವಿಶ್ವಾಸ ಸಾಲದ್ದರಿಂದ ಮಗುವಾಗಲಿಲ್ಲ ಎಂದು ಹೇಳುವುದಕ್ಕೆ ಇಡೀ ಬೈಬಲಿನಲ್ಲಿ ಬೇರೆ ಯಾವ ಪುಟವನ್ನಾದರೂ ಹುಡುಕಿಕೊಳ್ಳಿ. ಈ ಪುಟ ನಿಮಗೆ ಸಾಕ್ಷಿ ಹೇಳುವುದಿಲ್ಲ.

ಇನ್ನೊಂದನ್ನೂ ಗಮನಿಸಿ. ಮಾತು ಕಳೆದುಕೊಂಡವನು ಯಾರು? ಮಗುವಿಲ್ಲದೆ ಊರಿನವರ ಮುಂದೆ ತಲೆ ತಗ್ಗಿಸಿ ಬದುಕಿದ ಎಲಿಜಬೇತಳಲ್ಲ. ಹೊರಗೆ ಕಾಯುತ್ತಿದ್ದ ಜನರೂ ಅಲ್ಲ. ಪೀಠದ ಬಳಿ ನಿಂತಿದ್ದ ಯಾಜಕ. ಆ ದಿನ ಅವನು ಹೊರಗೆ ಬಂದು ಬರೀ ಕೈಸನ್ನೆ ಮಾಡಿದ. ಮಗುವಿಗೆ ಹೆಸರಿಡುವ ದಿನ ‘ಯೊವಾನ್ನ’ ಎಂದು ಮೊದಲು ಹೇಳಿದವಳು ಎಲಿಜಬೇತ್. ನೆರೆಹೊರೆಯವರು ಅವಳ ಮಾತನ್ನು ಒಪ್ಪದೆ ಗಂಡನ ಕಡೆಗೆ ತಿರುಗಿದರು. ಅವನು ಹಲಗೆ ತರಿಸಿ ಅವಳು ಹೇಳಿದ್ದನ್ನೇ ಬರೆದ. ಆಮೇಲೆ ಅವನ ಬಾಯಿ ಬಿಚ್ಚಿತು. ವೇದಿಕೆಯ ಮೇಲಿರುವವರು ವರ್ಷಕ್ಕೊಮ್ಮೆಯಾದರೂ ಈ ಭಾಗವನ್ನು ತಮಗೆ ಬರೆದದ್ದೆಂದು ಓದಿಕೊಳ್ಳಬಾರದೇ?

ಅದೇ 19ರಂದು ಮೊದಲ ವಾಚನ ನ್ಯಾಯಸ್ಥಾಪಕರ ಗ್ರಂಥದ 13ನೆಯ ಅಧ್ಯಾಯದಿಂದ. ಅಲ್ಲಿಯೂ ಮಕ್ಕಳಿಲ್ಲದ ಒಬ್ಬ ಹೆಣ್ಣು, ಸಂಸೋನನ ತಾಯಿ. ಅವಳ ಹೆಸರನ್ನು ಬರೆದವರು ಹೇಳುವುದಿಲ್ಲ. ಮಾನೋಹನ ಹೆಂಡತಿ, ಅಷ್ಟೇ. ಪೂಜೆಯಲ್ಲಿ ಓದುವಾಗ ನಡುವಿನ ಹಲವು ವಚನಗಳನ್ನು ಬಿಟ್ಟು ಓದುತ್ತೇವೆ. ಬಿಟ್ಟುಹೋದ ಭಾಗವನ್ನು ದಯವಿಟ್ಟು ಮನೆಯಲ್ಲಿ ಓದಿ. ದೂತ ಹೆಂಡತಿಗೆ ಹೇಳಿದ ಮಾತು ಮಾನೋಹನಿಗೆ ಸಾಲಲಿಲ್ಲ. ದೂತ ಇನ್ನೊಮ್ಮೆ ಬರಲಿ ಎಂದು ಪ್ರಾರ್ಥಿಸಿದ. ಬಂದ, ಆದರೆ ಮತ್ತೆ ಹೊಲದಲ್ಲಿ ಕೂತಿದ್ದ ಹೆಂಡತಿಯ ಬಳಿಗೇ ಬಂದ. ಅವಳು ಓಡಿಹೋಗಿ ಗಂಡನನ್ನು ಕರೆತಂದಳು. ಎಲ್ಲ ಮುಗಿದ ಮೇಲೆ ಮಾನೋಹನಿಗೆ ನಡುಕ: ದೇವರನ್ನು ಕಂಡೆವು, ಇನ್ನು ಸಾಯುತ್ತೇವೆ! ಹೆಂಡತಿ ತಣ್ಣಗೆ ಹೇಳುತ್ತಾಳೆ, ನಮ್ಮನ್ನು ಸಾಯಿಸುವ ಮನಸ್ಸಿದ್ದರೆ ನಮ್ಮ ಬಲಿಯನ್ನು ಸ್ವೀಕರಿಸುತ್ತಿದ್ದರೇ, ಇದನ್ನೆಲ್ಲ ನಮಗೆ ತಿಳಿಸುತ್ತಿದ್ದರೇ ಎಂದು. ಹೆಸರಿಲ್ಲದ ಆ ಹೆಂಗಸಿನ ತರ್ಕಕ್ಕೆ ಸಮನಾದ ಪ್ರವಚನವನ್ನು ನಾನು ಕೇಳಿದ್ದು ಕಡಿಮೆ. ದೇವರ ಮಾತು ಕಿವಿಗೆ ಬಿದ್ದ ಮೇಲೂ ಬುದ್ಧಿಯನ್ನು ಬಳಸಬಹುದು, ಬಳಸಬೇಕು ಎಂದು ಅವಳಿಗೆ ಗೊತ್ತಿತ್ತು.

ಮರಿಯಮ್ಮನವರದ್ದೂ ಹಾಗೆಯೇ. ದೂತ ನಮಸ್ಕರಿಸಿದಾಗ ಅವರು ಮೊದಲು ಮಾಡಿದ್ದು ಈ ನಮಸ್ಕಾರದ ಅರ್ಥವೇನಿರಬಹುದು ಎಂದು ಯೋಚಿಸಿದ್ದು. ಆಮೇಲೆ, ಇದು ಆಗುವುದು ಹೇಗೆ ಎಂದು ಪ್ರಶ್ನೆ ಕೇಳಿದರು. ದೂತ ಗದರಲಿಲ್ಲ. ಉತ್ತರ ಕೊಟ್ಟ, ಜೊತೆಗೆ ಹೋಗಿ ನೋಡಬಹುದಾದ ಒಂದು ಗುರುತನ್ನೂ ಕೊಟ್ಟ: ನಿನ್ನ ಬಂಧು ಎಲಿಜಬೇತಳಿಗೆ ಈಗ ಆರನೆಯ ತಿಂಗಳು. ಮರಿಯಮ್ಮನವರು ಹೊರಟೇಬಿಟ್ಟರು, ಬೆಟ್ಟದ ಸೀಮೆಗೆ, ಆತುರದಿಂದ. ಸಹಾಯಕ್ಕೆ ಹೋದರು ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಹೋಗಿ ನೋಡುವ ಆಸೆಯೂ ಇತ್ತೆಂದು ನನಗೆ ಅನಿಸುತ್ತದೆ. ಅದರಲ್ಲಿ ಕುಂದೇನೂ ಇಲ್ಲ. ಕ್ರಿಸ್ಮಸ್ ರಾತ್ರಿ ಕುರುಬರಿಗೆ ಸಿಕ್ಕಿದ್ದೂ ಅಂಥದೇ ಗುರುತು. ಬಟ್ಟೆಯಲ್ಲಿ ಸುತ್ತಿದ ಮಗು, ಗೋದಲಿಯಲ್ಲಿ ಮಲಗಿಸಿದೆ, ಊರು ಬೆತ್ಲೆಹೇಮ್. ಅವರು ಹೋದರು, ನೋಡಿದರು, ಹೇಳಿದ ಹಾಗೆಯೇ ಇತ್ತು. ದೇವರು ಮಾತು ಕಳಿಸುವಾಗ ವಿಳಾಸವನ್ನೂ ಕಳಿಸುತ್ತಾರೆ. ನಿಮ್ಮ ವೇದಿಕೆಯಿಂದ ಬರುವ ಮಾತಿಗೆ ಯಾವ ವಿಳಾಸವಿದೆ?

ಜೋಸೆಫರ ಬಗ್ಗೆ ಚಿಕ್ಕದಾಗಿ. ಮತ್ತಾಯನ ಶುಭಸಂದೇಶದಲ್ಲಿ ಅವರಿಗೆ ನಾಲ್ಕು ಬಾರಿ ಕನಸಿನಲ್ಲಿ ಮಾತು ಬರುತ್ತದೆ, ಪ್ರತಿ ಸಲವೂ ಮುಂದಿನ ಒಂದು ಹೆಜ್ಜೆಗೆ ಬೇಕಾದಷ್ಟೇ. ಎದ್ದು ಈಜಿಪ್ಟಿಗೆ ಹೋಗು, ನಾನು ಹೇಳುವವರೆಗೆ ಅಲ್ಲಿಯೇ ಇರು. ಎಷ್ಟು ವರ್ಷ ಎಂದು ಹೇಳಿಲ್ಲ. ಕೊನೆಯ ಸಲ, ಯೂದಾಯದಲ್ಲಿ, ಮಗುವನ್ನು ಕೊಲ್ಲಲು ಹುಡುಕಿದ್ದ ಹೆರೋದನ ಮಗ ಅರ್ಖೆಲಾಯ ಆಳುತ್ತಿದ್ದಾನೆಂದು ಕೇಳಿ ಜೋಸೆಫರು ತಾವಾಗಿಯೇ ಹೆದರಿದ್ದರು. ಕನಸು ಬಂದದ್ದು ಆ ಹೆದರಿಕೆಯ ನಂತರ. ಅವರ ವಿವೇಕವನ್ನು ಬದಿಗೆ ತಳ್ಳಿ ಬಂದ ಕನಸಲ್ಲ ಅದು.

ತುಳುನಾಡಿನವರಿಗೆ ದೇವರು ಮಾತನಾಡುತ್ತಾರೆಯೇ ಎಂಬ ಪ್ರಶ್ನೆ ಹೊಸದಲ್ಲ. ನಮ್ಮ ಅಕ್ಕಪಕ್ಕದ ಮನೆಯವರು ಕೋಲದ ರಾತ್ರಿ ದೈವದ ನುಡಿ ಕೇಳಲು ಅಂಗಳದಲ್ಲಿ ಕೂರುತ್ತಾರೆ. ನಾನು ಬೇರೆ ವಿಶ್ವಾಸದವಳು. ಅದರ ಒಳಗಿನ ಸತ್ಯವನ್ನು ಅಳೆಯುವ ಅಧಿಕಾರ ನನಗಿಲ್ಲ. ಆದರೆ ಬಾಲ್ಯದಿಂದ ಬೇಲಿಯ ಈಚೆ ನಿಂತು ನೋಡಿದವಳಾಗಿ ಒಂದು ಮಾತು ಹೇಳಬಲ್ಲೆ. ಅಲ್ಲಿ ನುಡಿ ಆಗುವುದು ಗುತ್ತಿನ, ಎಂದರೆ ಊರಿನ ಮುಖ್ಯ ಮನೆತನದ, ಹಿರಿಯರ ಎದುರು, ಊರಿನವರ ಎದುರು. ಹಿರಿಯರು ತಿರುಗಿ ಮಾತನಾಡುತ್ತಾರೆ, ಬಿನ್ನವಿಸಿಕೊಳ್ಳುತ್ತಾರೆ, ವ್ಯಾಜ್ಯವಿದ್ದರೆ ಎರಡೂ ಕಡೆಯವರು ನಿಂತಿರುತ್ತಾರೆ. ಕೊಟ್ಟ ಮಾತು ಊರಿನ ನೆನಪಿನಲ್ಲಿ ಉಳಿಯುತ್ತದೆ, ಮುಂದಿನ ವರ್ಷ ಅದೇ ಅಂಗಳದಲ್ಲಿ ಎಲ್ಲರೂ ಮತ್ತೆ ಸೇರುತ್ತಾರೆ. ನೀವೋ, ಒಂದು ಊರಿನಲ್ಲಿ ಮಾತು ಕೊಟ್ಟು ಮುಂದಿನ ಊರಿನ ಮೈದಾನಕ್ಕೆ ಹೊರಟುಬಿಡುತ್ತೀರಿ. ಉಳಿದವರು ತೊಟ್ಟಿಲನ್ನು ಮತ್ತೆ ಅಟ್ಟಕ್ಕೆ ಏರಿಸಬೇಕು.

ನಮ್ಮ ಗ್ರಂಥದ ಪ್ರವಾದಿಗಳಿಗೆ ಇಷ್ಟು ಸಲೀಸಾಗಿ ಮಾತು ಬರುತ್ತಿರಲಿಲ್ಲ. ಯೆರೆಮೀಯನ ಗ್ರಂಥದ 42ನೆಯ ಅಧ್ಯಾಯ ನೋಡಿ. ಜೆರುಸಲೇಮ್ ಬಿದ್ದಿದೆ, ಅಳಿದುಳಿದ ಜನ ಹೆದರಿ ಪ್ರವಾದಿಯ ಬಳಿಗೆ ಬಂದು, ಈಜಿಪ್ಟಿಗೆ ಓಡೋಣವೇ ಇಲ್ಲೇ ಇರೋಣವೇ, ದೇವರನ್ನು ಕೇಳಿ ಹೇಳು ಎನ್ನುತ್ತಾರೆ. ಯೆರೆಮೀಯ ಕಣ್ಣು ಮುಚ್ಚಿ ಅಲ್ಲಿಯೇ ಉತ್ತರ ಕೊಡಲಿಲ್ಲ. ಹತ್ತು ದಿನಗಳಾದ ಮೇಲೆ ಅವನಿಗೆ ದೇವರ ವಾಣಿ ಕೇಳಿಸಿತು ಎಂದು ಬರೆದಿದೆ. ಅಷ್ಟು ದಿನ ಜನ ಅವನ ಮುಖ ನೋಡುತ್ತ ಇದ್ದಿರಬೇಕು, ಅವನು ಇನ್ನೂ ಗೊತ್ತಿಲ್ಲ ಎನ್ನುತ್ತ ಇದ್ದಿರಬೇಕು. ಕೊನೆಗೆ ಅವನು ತಂದ ಉತ್ತರ ಯಾರಿಗೂ ಬೇಕಾಗಿರಲಿಲ್ಲ. ನೀನು ಸುಳ್ಳು ಹೇಳುತ್ತೀ ಎಂದರು. ಅದಕ್ಕೂ ಮೊದಲು, 28ನೆಯ ಅಧ್ಯಾಯದಲ್ಲಿ, ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಎರಡೇ ವರ್ಷದಲ್ಲಿ ಎಲ್ಲವೂ ಸರಿಯಾಗುತ್ತದೆ ಎಂದು ದೇವಾಲಯದಲ್ಲಿ ಜನರ ಮುಂದೆ ದೇವರ ಹೆಸರಿನಲ್ಲಿ ಘೋಷಿಸಿದವನು ಅವನು. ತಾರೀಕು ಕೊಟ್ಟವನೇ ಸುಳ್ಳು ಪ್ರವಾದಿಯಾಗಿದ್ದ.

ಚಿಕ್ಕ ಸಮುವೇಲನ ಕಥೆ ನಿಮ್ಮ ಮಕ್ಕಳ ಶಿಬಿರಗಳಲ್ಲಿ ತಪ್ಪದೆ ಬರುತ್ತದೆ. ದೇವರು ಕರೆದಾಗ ಹುಡುಗ ಮೂರು ಸಲವೂ ಮುದುಕ ಯಾಜಕ ಏಲಿಯ ಬಳಿಗೆ ಓಡಿದ. ಎಂದರೆ ಆ ದನಿ ಗುಡುಗಿನಂತಿರಲಿಲ್ಲ, ಪಕ್ಕದ ಕೋಣೆಯ ಮನುಷ್ಯನ ದನಿಯಂತಿತ್ತು. ಕಥೆಯ ಉಳಿದ ಭಾಗವನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಆ ರಾತ್ರಿ ಬಂದ ಸಂದೇಶ ಏಲಿಯ ಮನೆತನದ ವಿರುದ್ಧವೇ ಇತ್ತು. ಬೆಳಿಗ್ಗೆ ಏಲಿ ಹುಡುಗನನ್ನು ಕೂರಿಸಿಕೊಂಡು, ಒಂದು ಮಾತನ್ನೂ ಮುಚ್ಚಿಡಬೇಡ ಎಂದು ಕೇಳಿ ತಿಳಿದುಕೊಂಡ. ಇದನ್ನು ಓದಿದಾಗಲೆಲ್ಲ ನನಗೆ ಒಂದು ಕುತೂಹಲ ಹುಟ್ಟುತ್ತದೆ: ನಿಮಗೆ ದೇವರು ಹೇಳಿದ ಮಾತುಗಳಲ್ಲಿ ನಿಮ್ಮ ವಿರುದ್ಧವಾಗಿದ್ದವು ಎಷ್ಟು? ಈ ವರ್ಷ ಕೂಟ ಬೇಡ, ಕಾಣಿಕೆ ಡಬ್ಬಿ ಬೇಡ, ನೀನು ಕೆಳಗೆ ಇಳಿದು ಜನರ ನಡುವೆ ಕೂತು ಕೇಳು ಎಂದು ದೇವರು ನನಗೆ ಹೇಳುತ್ತಿದ್ದಾರೆ ಎಂದು ವೇದಿಕೆಯಿಂದ ಹೇಳಿದವರನ್ನು ನಾನಂತೂ ಕಂಡಿಲ್ಲ.

ಈಗ ಧರ್ಮಗುರುಗಳಿಗೆ. ಧರ್ಮಸಭೆಯ ನಿಲುವು ನನಗಿಂತ ಚೆನ್ನಾಗಿ ನಿಮಗೆ ಗೊತ್ತು, ಆದರೂ ನೆನಪಿಸುತ್ತೇನೆ. ಎಲ್ಲವನ್ನೂ ಪರೀಕ್ಷಿಸಿ, ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಸಂತ ಪೌಲರು ಥೆಸಲೋನಿಕದವರಿಗೆ ಬರೆದದ್ದನ್ನು ನಾವು ಮೂರು ವರ್ಷಕ್ಕೊಮ್ಮೆ ಆಗಮನ ಕಾಲದ ಮೂರನೆಯ ಭಾನುವಾರ, ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚುವ ದಿನ, ಓದುತ್ತೇವೆ. ಪವಿತ್ರಾತ್ಮರನ್ನು ನಂದಿಸಬೇಡಿ ಎಂಬ ಮಾತೂ ಅದೇ ವಾಚನದಲ್ಲಿದೆ. ಅರ್ಧವನ್ನು ಮಾತ್ರ ಹಿಡಿದು ಕುಣಿಯಬಾರದು. ಸ್ವಸ್ಥತೆಯ ಪ್ರಾರ್ಥನೆಗಳ ಬಗ್ಗೆ ವ್ಯಾಟಿಕನ್ 2000ದ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸೂಚನೆಯಲ್ಲಿ, ಇಂಥ ಕೂಟಗಳಲ್ಲಿ ಉನ್ಮಾದ, ಕೃತಕತೆ, ನಾಟಕೀಯತೆ, ರೋಚಕತೆ ಇರಕೂಡದು, ವಿಶೇಷವಾಗಿ ನಡೆಸುವವರಲ್ಲಿ ಇರಕೂಡದು ಎಂದು ಸ್ಪಷ್ಟವಾಗಿ ಬರೆದಿದೆ. ಮೈದಾನಕ್ಕೆ ಅನುಮತಿ ಕೊಡುವ ಮುಂಚೆ ಅದನ್ನು ಒಮ್ಮೆ ತೆರೆದು ನೋಡಿದವರು ಎಷ್ಟು ಮಂದಿ?

ಹಾಗಾದರೆ ದೇವರ ದನಿ ಖಚಿತವಾಗಿ ಕೇಳುವುದು ಎಲ್ಲಿ? ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನಾ ವಿಧಿಯ ಕುರಿತ ತನ್ನ ದಸ್ತಾವೇಜಿನಲ್ಲಿ ಇದಕ್ಕೆ ನೇರ ಉತ್ತರ ಕೊಟ್ಟಿದೆ: ಚರ್ಚಿನಲ್ಲಿ ಪವಿತ್ರ ಗ್ರಂಥವನ್ನು ಓದುವಾಗ ಮಾತನಾಡುತ್ತಿರುವವರು ಕ್ರಿಸ್ತರೇ. ಇದು ಎಂಥ ದೊಡ್ಡ ಮಾತೆಂದು ತಿಳಿಯಲು ನನ್ನ ಅಜ್ಜಿಯ ಕಾಲ ನೆನಪಿರಬೇಕು. ಆಗ ಪೂಜೆಯ ವಾಚನಗಳೆಲ್ಲ ಲ್ಯಾಟಿನ್‌ನಲ್ಲಿ. ಅಜ್ಜಿ ತನ್ನ ಪಾಡಿಗೆ ಕೊಂಕಣಿಯಲ್ಲಿ ಜಪಸರ ಹೇಳುತ್ತ ಕೂರುತ್ತಿದ್ದರು. ನಮ್ಮ ಪ್ರೊಟೆಸ್ಟಂಟ್ ನೆರೆಯವರಿಗೆ ಆ ಭಾಗ್ಯ ಬಹಳ ಮೊದಲೇ ಬಂದಿತ್ತು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚಾದದ್ದು 1847ರಲ್ಲಿ. ನಮಗೆ ಅದು ಸಿಕ್ಕಿದ್ದು ಮಹಾಸಭೆಯ ನಂತರ. ಸಿಕ್ಕಿದ್ದನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ? ಮೊದಲ ವಾಚನದ ಹೊತ್ತಿಗೆ ಅರ್ಧ ಜನ ಇನ್ನೂ ಸ್ಕೂಟರ್ ನಿಲ್ಲಿಸುತ್ತಿರುತ್ತಾರೆ. ಓದುವವರಿಗೆ ಪುಸ್ತಕ ಕೈಗೆ ಸಿಗುವುದು ಪೂಜೆಗೆ ಸ್ವಲ್ಪ ಮೊದಲು. ಪ್ರವಾದಿಗಳ ಹೆಸರುಗಳನ್ನು ತಡವರಿಸಿ ದಾಟಿಬಿಡುತ್ತಾರೆ. ಪ್ರತಿ ವಾಚನದ ನಂತರ, ಪ್ರಬೋಧನೆಯ ನಂತರ ಸ್ವಲ್ಪ ಹೊತ್ತು ಮೌನವಿರಬೇಕು ಎಂದು ಪೂಜಾಗ್ರಂಥದ ನಿಯಮಗಳೇ ಹೇಳುತ್ತವೆ. ಆ ಮೌನವನ್ನು ನಮ್ಮ ಗಾಯನ ವೃಂದದವರು ಕೀಬೋರ್ಡಿನಿಂದ ತುಂಬಿಸುತ್ತಾರೆ. ದೇವರು ಮಾತನಾಡುತ್ತಿದ್ದಾರೆಂದು ಧರ್ಮಸಭೆ ಜವಾಬ್ದಾರಿ ಹೊತ್ತು ಹೇಳುವ ಗಳಿಗೆಯಲ್ಲಿ ಇಷ್ಟು ಅಸಡ್ಡೆ ಇಟ್ಟುಕೊಂಡು, ಸಂಜೆ ಮೈದಾನದಲ್ಲಿ ದೇವರ ದನಿ ಕೇಳಲು ಬಸ್ ಮಾಡಿಕೊಂಡು ಹೋಗುತ್ತೇವೆ.

ಆದ್ದರಿಂದ ನನ್ನ ಕೋರಿಕೆಗಳು. ಮಗು, ಕಾಯಿಲೆ, ವೀಸಾ, ಮದುವೆ ಇವುಗಳ ಬಗ್ಗೆ ದೇವರ ಹೆಸರಿನಲ್ಲಿ ವೇದಿಕೆಯಿಂದ ಮಾತು ಕೊಡುವುದನ್ನು ಈ ಆಗಮನ ಕಾಲದಿಂದಲೇ ನಿಲ್ಲಿಸಿ. ನಿಲ್ಲಿಸಲು ಆಗದು, ದೇವರು ನಿಜವಾಗಿಯೂ ಹೇಳಿದ್ದಾರೆ ಎನ್ನುವುದಾದರೆ ಅದನ್ನು ಕಾಗದದ ಮೇಲೆ ಬರೆದು, ತಾರೀಕು ಹಾಕಿ, ಸಹಿ ಮಾಡಿ ಪಾಲನಾ ಮಂಡಳಿಯ ಕೈಗೆ ಕೊಡಿ. ಮುಂದಿನ ವರ್ಷ ಅದೇ ಜನರ ಮುಂದೆ ಬಂದು ನಿಲ್ಲಿ. ಔಷಧಿ ನಿಲ್ಲಿಸಿ ಎಂದು ನೀವು ಹೇಳಿಲ್ಲದಿರಬಹುದು. ನಿಲ್ಲಿಸಬೇಡಿ ಎಂದು ಮೈಕಿನಲ್ಲಿ ಗಟ್ಟಿಯಾಗಿ ಹೇಳಿ. ಪಾಲನಾ ಮಂಡಳಿಯವರು ಕೂಟ ಮುಗಿದ ಮೇಲೆ ಲೆಕ್ಕಪತ್ರವನ್ನಷ್ಟೇ ನೋಡದೆ, ಯಾರ ಮನೆಗೆ ಯಾವ ಮಾತು ಹೋಗಿದೆ ಎಂದು ವಾಳೆಯ ಮುಖ್ಯಸ್ಥರಾದ ಗುರಿಕಾರರ ಬಳಿ ವಿಚಾರಿಸಿ. ವಾಚನ ಓದುವವರಿಗೆ ಪಠ್ಯವನ್ನು ಮೂರು ದಿನ ಮೊದಲಾದರೂ ತಲುಪಿಸಿ.

ಇನ್ನು, ನಮ್ಮ ವಾಳೆಯ ಆ ಹೆಣ್ಣುಮಗಳ ಮನೆಗೆ ಯಾರಾದರೂ ಹೋಗಬೇಕು. ಪ್ರಾರ್ಥಿಸಲು ಅಲ್ಲ, ತಪ್ಪಾಯಿತು, ಹಾಗೆ ಹೇಳಬಾರದಿತ್ತು, ನಿನ್ನ ವಿಶ್ವಾಸದಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂದು ಹೇಳಲು. ನಾನು ಇದನ್ನು ಅವಳಿಗೆ ಹಲವು ಸಲ ಹೇಳಿದ್ದೇನೆ. ಟೀಚರಮ್ಮ, ನೀವು ಹೇಳಿದರೆ ಸಾಕೇ, ಅವರು ಹೇಳಬೇಡವೇ ಎನ್ನುತ್ತಾಳೆ. ಅವಳ ಮಾತು ಸರಿಯಾಗಿದೆ. ಮಾತು ಕೊಟ್ಟವರೇ ಬಂದು ಹಿಂತೆಗೆದುಕೊಳ್ಳಬೇಕು. ಬರುವ ಮನಸ್ಸಿರುವವರಿಗೆ ನಮ್ಮ ಗುರಿಕಾರರು ದಾರಿ ತೋರಿಸುತ್ತಾರೆ.

ಈ ಪತ್ರಕ್ಕೆ ಉತ್ತರ ಬರೆಯುವವರಲ್ಲಿ ಒಂದು ವಿನಂತಿ. ದೇವರು ನಿಮ್ಮಿಂದ ಏನು ಬರೆಸುತ್ತಿದ್ದಾರೆ ಎಂದು ತಿಳಿಸಬೇಡಿ. ನಿಮ್ಮ ಹೆಸರಿನಲ್ಲಿಯೇ ಬರೆಯಿರಿ.

ಇಂತಿ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ, ವಾಚನ ಓದುವವಳು
ಉಡುಪಿ ಜಿಲ್ಲೆ